ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್: ಮೊದಲ ಋತು (1898–99)

ಅಮೆರಿಕದ ಫಿಲಡೆಲ್ಫಿಯಾ ನಗರ ಹಾಗೂ ಡೆಲವೇರ್ ನದಿಯಾಚೆಯ ನ್ಯೂಜೆರ್ಸಿ ಊರುಗಳ ಆರು ತಂಡಗಳು ಸೇರಿ 1898ರ ಡಿಸೆಂಬರ್ 1ರಂದು ಶುರುಮಾಡಿದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್, ಹಣ ಪಡೆದು ಆಡುವವರಿಗಾಗಿ ಏರ್ಪಟ್ಟ ಮೊದಲ ಬ್ಯಾಸ್ಕೆಟ್‌ಬಾಲ್ ಲೀಗ್ ಎಂದು ಕ್ರೀಡಾ ಚರಿತ್ರೆಯಲ್ಲಿ ಹೆಸರಾಗಿದೆ. ಟ್ರೆಂಟನ್ ನ್ಯಾಷನಲ್ಸ್, ಮಿಲ್‌ವಿಲ್ ಗ್ಲಾಸ್ ಬ್ಲೋಯರ್ಸ್, ಕ್ಯಾಮ್ಡೆನ್ ಎಲೆಕ್ಟ್ರಿಕ್ಸ್ ಎಂಬ ಮೂರು ತಂಡಗಳು ನ್ಯೂಜೆರ್ಸಿಯವು. ಕ್ಲೋವರ್ ವ್ಹೀಲ್‌ಮೆನ್, ಜರ್ಮನ್‌ಟೌನ್ ನ್ಯಾಷನಲ್ಸ್, ಹ್ಯಾನ್‌ಕಾಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಉಳಿದ ಮೂರು ಫಿಲಡೆಲ್ಫಿಯಾದವು. ಮೊದಲ ಋತುವಿನ ಪ್ರಶಸ್ತಿ ಟ್ರೆಂಟನ್ ಪಾಲಾಯಿತು, ಮರುವರ್ಷವೂ ಅದೇ ತಂಡ ಗೆದ್ದಿತು, 1904ರ ಆರಂಭದಲ್ಲಿ ಲೀಗ್ ನಿಂತುಹೋಯಿತು. ಈ ಲೀಗನ್ನು ಇಂದಿನ ಎನ್‌ಬಿಎಯ ಮೊಳಕೆ ಎಂದು ಹೊಗಳುವವರಿದ್ದಾರೆ; ದೊಡ್ಡ ಹೆಸರಿಟ್ಟುಕೊಂಡು ಬೇಗ ಬಾಡಿದ ಪ್ರಯತ್ನವೆಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಬಗೆಯವರು ಹೆಸರಿನಲ್ಲಿರುವ ‘ನ್ಯಾಷನಲ್’ ಎಂಬುದನ್ನು ನಂಬಿ ಅಳೆಯಲು ಹೊರಟವರು. ಮೊದಲ ಋತುವನ್ನು ಇರುವ ಹಾಗೆ ನೋಡಿದರೆ ತಿಳಿಯುವುದು ಬೇರೆ: ಇದು ಅಡಿಯಿಂದ ಮುಡಿಯವರೆಗೆ ಒಂದು ಪ್ರಾದೇಶಿಕ ಅರೆ ವೃತ್ತಿಪರ ಲೀಗ್, ಮತ್ತು ಅದು ಐದು ವರ್ಷ ಬದುಕಿದ್ದೇ ಪ್ರಾದೇಶಿಕವಾಗಿದ್ದುದರಿಂದ.

ಮೊದಲು ನಕ್ಷೆಯನ್ನೇ ತೆಗೆದುಕೊಳ್ಳಬಹುದು. ಲೀಗಿನ ಉತ್ತರದ ತುದಿ ಟ್ರೆಂಟನ್, ದಕ್ಷಿಣದ ತುದಿ ಮಿಲ್‌ವಿಲ್. ಎರಡರ ನಡುವಿನ ನೇರ ಅಂತರ ನೂರು ಕಿಲೋಮೀಟರಿಗೂ ಕಡಿಮೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು. ನಡುವೆ ಫಿಲಡೆಲ್ಫಿಯಾ, ಅದರ ಎದುರು ದಂಡೆಯ ಕ್ಯಾಮ್ಡೆನ್‌ಗೆ ಹೋಗಲು ದೋಣಿಯೇ ಸಾಮಾನ್ಯ ದಾರಿ, ಏಕೆಂದರೆ ಈ ಎರಡು ನಗರಗಳನ್ನು ಬೆಸೆದ ದೊಡ್ಡ ಸೇತುವೆ ತೆರೆದದ್ದು 1926ರಲ್ಲಿ. ಟ್ರೆಂಟನ್‌ಗೆ ಪೆನ್ಸಿಲ್ವೇನಿಯಾ ರೈಲ್ವೆಯ ಮುಖ್ಯ ಮಾರ್ಗವಿತ್ತು, ಕ್ಯಾಮ್ಡೆನ್‌ನಿಂದ ಮಿಲ್‌ವಿಲ್ ಕಡೆಗೆ ವೆಸ್ಟ್ ಜೆರ್ಸಿ ಆ್ಯಂಡ್ ಸೀಶೋರ್ ಕಂಪನಿಯ ರೈಲು ಓಡುತ್ತಿತ್ತು. ಈ ವಿವರಗಳು ಯಾಕೆ ಮುಖ್ಯವೆಂದರೆ, ಆಡುವವರಿಗೆ ಮರುದಿನ ಬೆಳಗ್ಗೆ ಬೇರೆ ಕೆಲಸವಿರುತ್ತಿತ್ತು. ಭಾನುವಾರವೊಂದು ರಜೆಯಿತ್ತಲ್ಲ ಎನ್ನುವಂತಿಲ್ಲ. ಪೆನ್ಸಿಲ್ವೇನಿಯಾದಲ್ಲಿ 1794ರ ಕಾನೂನು ಭಾನುವಾರದ ಆಟಪಾಟಗಳನ್ನು ನಿಷೇಧಿಸಿತ್ತು. ಅದರ ಹಿಡಿತ ಎಷ್ಟು ಬಿಗಿಯೆಂದರೆ ಫಿಲಡೆಲ್ಫಿಯಾದಲ್ಲಿ ಭಾನುವಾರ ವೃತ್ತಿಪರ ಬೇಸ್‌ಬಾಲ್‌ಗೆ ಅನುಮತಿ ಸಿಕ್ಕಿದ್ದು 1934ರಲ್ಲಿ. ನ್ಯೂಜೆರ್ಸಿಯಲ್ಲೂ ಅಂಥದೇ ಕಾನೂನಿತ್ತು. ಹಾಗಾಗಿ ಪಂದ್ಯಗಳಿಗೆ ಉಳಿದದ್ದು ಶನಿವಾರ ಮತ್ತು ಕೆಲಸದ ದಿನಗಳ ಸಂಜೆ. ಲೀಗಿನ ಮೊದಲ ಪಂದ್ಯ ನಡೆದ 1898ರ ಡಿಸೆಂಬರ್ 1 ಒಂದು ಗುರುವಾರ. ದುಡಿದು, ಸಂಜೆಯ ರೈಲು ಹಿಡಿದು, ಆಡಿ, ರಾತ್ರಿಯೇ ಮರಳಿ, ಬೆಳಗ್ಗೆ ಮತ್ತೆ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲಬಹುದಾದಷ್ಟು ದೂರವೇ ಇಂಥ ಲೀಗಿನ ಗಡಿ. ಸಂಘಟಕರ ಮಹತ್ವಾಕಾಂಕ್ಷೆ ಎಷ್ಟೇ ಇದ್ದರೂ ಆ ಗಡಿಯನ್ನು ದಾಟುವುದು ಅವರ ಕೈಯಲ್ಲಿರಲಿಲ್ಲ.

ಆಟಕ್ಕೆ ಆಗ ಏಳು ವರ್ಷ ತುಂಬುವುದರಲ್ಲಿತ್ತು. ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್, ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಏನಾದರೂ ಹುಡುಕು ಎಂದು ಮೇಲಧಿಕಾರಿ ಲೂಥರ್ ಗುಲಿಕ್ ಹೇಳಿದ ಮೇಲೆ, 1891ರ ಡಿಸೆಂಬರ್‌ನಲ್ಲಿ ಈ ಆಟವನ್ನು ಕಟ್ಟಿದ. ಹದಿಮೂರು ನಿಯಮ, ಎರಡು ಪೀಚ್ ಹಣ್ಣಿನ ಬುಟ್ಟಿ, ಒಂದು ಫುಟ್‌ಬಾಲ್, ಒಂದು ತಂಡಕ್ಕೆ ಒಂಬತ್ತು ಜನ. ವೈಎಂಸಿಎಯ ಜಾಲದ ಮೂಲಕ ಆಟ ಊರೂರಿಗೆ ಹರಡಿತು, ಮತ್ತು ಹರಡಿದ ವೇಗಕ್ಕೆ ಹರಡಿದವರೇ ಬೆಚ್ಚಿದರು. ದೇಹ, ಮನಸ್ಸು, ಆತ್ಮ ಮೂರನ್ನೂ ತಿದ್ದಬೇಕೆಂದು ಹೊರಟ ಸಂಸ್ಥೆಗೆ, ತನ್ನದೇ ವ್ಯಾಯಾಮಶಾಲೆಯಲ್ಲಿ ಯುವಕರು ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುವುದು ಹಿಡಿಸಲಿಲ್ಲ. ಅದಕ್ಕಿಂತ ಲೌಕಿಕವಾದ ಒಂದು ದೂರೂ ಇತ್ತು. ಕೆಲವೇ ಜನ ಆಡಲಿಕ್ಕಾಗಿ ಚಂದಾ ಕಟ್ಟಿದ ಹತ್ತಾರು ಸದಸ್ಯರ ಕಸರತ್ತಿನ ಜಾಗ ಸಂಜೆಯಿಡೀ ಹೋಗುತ್ತಿತ್ತು. ಈ ದೂರಿನಲ್ಲಿ ನ್ಯಾಯವಿತ್ತು ಎಂದೇ ಹೇಳಬೇಕು. ಫಿಲಡೆಲ್ಫಿಯಾ ಕಡೆಯ ವೈಎಂಸಿಎಗಳು ಆಟಕ್ಕೆ ಬೆನ್ನು ತಿರುಗಿಸಿದಾಗ ಹೊರಬಿದ್ದ ತಂಡಗಳು ಫ್ರೀಮೇಸನ್ನರ ಭವನ, ಸೇನಾ ಕವಾಯತು ಶಾಲೆ, ನೃತ್ಯಶಾಲೆಗಳನ್ನು ಬಾಡಿಗೆಗೆ ಹಿಡಿದವು. ಬಾಡಿಗೆ ಕಟ್ಟಬೇಕಾದರೆ ಟಿಕೆಟ್ ಮಾರಬೇಕು. ಟಿಕೆಟ್ ಮಾರಿ ಉಳಿದ ಹಣವನ್ನು ಆಡಿದವರು ಹಂಚಿಕೊಳ್ಳುವುದು ಸಹಜ. ವೃತ್ತಿಪರತೆಯನ್ನು ಅಷ್ಟೊಂದು ಹಳಿದ ಸಂಸ್ಥೆಯೇ, ಬಾಗಿಲು ಮುಚ್ಚುವ ಮೂಲಕ, ಅದಕ್ಕೆ ದಾರಿಮಾಡಿಕೊಟ್ಟಿತು.

ಹವ್ಯಾಸಿ ಕ್ರೀಡೆಯ ಕಾವಲುಗಾರನಾಗಿದ್ದ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಈ ಹೊತ್ತಿಗೆ ಆಟದ ಮೇಲೆ ಹಿಡಿತ ಸಾಧಿಸತೊಡಗಿತ್ತು. ನೋಂದಣಿಯಿಲ್ಲದ ತಂಡದೊಡನೆ ಆಡಿದವನು ಹವ್ಯಾಸಿ ಎಂಬ ಅರ್ಹತೆ ಕಳೆದುಕೊಳ್ಳುತ್ತಿದ್ದ. 1897ರಲ್ಲಿ ಯೂನಿಯನ್ ನಡೆಸಿದ ಮೊದಲ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದದ್ದು ನ್ಯೂಯಾರ್ಕಿನ 23ನೇ ಬೀದಿಯ ವೈಎಂಸಿಎ ತಂಡ. ಆ ತಂಡಕ್ಕೇ ಆಮೇಲೆ ಮನೆಯಿಲ್ಲದಂತಾಗಿ, ವಾಂಡರರ್ಸ್ ಅಂದರೆ ಅಲೆಮಾರಿಗಳು ಎಂಬ ಹೆಸರಿನಲ್ಲಿ ದುಡ್ಡಿಗೆ ಆಡುತ್ತ ಊರೂರು ತಿರುಗಬೇಕಾಯಿತು. ರಾಷ್ಟ್ರಕ್ಕೇ ಚಾಂಪಿಯನ್ನರಾದ ಹವ್ಯಾಸಿಗಳ ಪಾಡೇ ಹೀಗಾದರೆ ಉಳಿದವರದನ್ನು ಊಹಿಸಬಹುದು. ಹವ್ಯಾಸಿ ಮತ್ತು ವೃತ್ತಿಪರ ಎಂಬ ಗೆರೆ ಆಟಗಾರರು ತಾವೇ ಎಳೆದುಕೊಂಡದ್ದಲ್ಲ, ಅವರ ಮೇಲೆ ಎಳೆದದ್ದು.

ಹಣ ಪಡೆದು ಆಡಿದ ಮೊದಲ ಪಂದ್ಯ ಯಾವುದು ಎಂಬ ಬಗ್ಗೆ ಹಳೆಯ ಜಗಳವೊಂದಿದೆ. ಹೆಚ್ಚಿನ ಚರಿತ್ರಕಾರರು ಬೆರಳು ತೋರುವುದು 1896ರ ನವೆಂಬರ್ 7ರ ಶನಿವಾರ ಟ್ರೆಂಟನ್ನಿನ ಮೇಸಾನಿಕ್ ಟೆಂಪಲ್‌ನಲ್ಲಿ ಟ್ರೆಂಟನ್ ತಂಡ ಬ್ರೂಕ್ಲಿನ್ನಿನ ವೈಎಂಸಿಎ ತಂಡವನ್ನು ಸದೆಬಡಿದ ಪಂದ್ಯದತ್ತ. ಖರ್ಚು ಕಳೆದು ಒಬ್ಬೊಬ್ಬರಿಗೆ 15 ಡಾಲರ್ ಸಿಕ್ಕಿತೆಂದೂ, ಮಿಕ್ಕ ಒಂದು ಡಾಲರನ್ನು ನಾಯಕ ಫ್ರೆಡ್ ಕೂಪರ್‌ಗೆ ಸೇರಿಸಿ ಕೊಟ್ಟರೆಂದೂ ಪ್ರತೀತಿ. ಕಾರ್ಖಾನೆಯ ಸಾಮಾನ್ಯ ಕೆಲಸಗಾರನ ಒಂದು ವಾರದ ಕೂಲಿಗಿಂತ ಅದು ಹೆಚ್ಚಿನ ಮೊತ್ತ. ನ್ಯೂಯಾರ್ಕ್ ರಾಜ್ಯದ ಹರ್ಕಿಮರ್ ಊರಿನವರು ಇನ್ನೂ ಮೂರು ವರ್ಷ ಹಿಂದಕ್ಕೆ, 1893ಕ್ಕೆ, ಹಕ್ಕು ಸಾಧಿಸುತ್ತಾರೆ. ಈ ಜಗಳ ಹಿಡಿದು ಕೆಲವರು, ಹಣ ಆಗಲೇ ಓಡಾಡುತ್ತಿದ್ದ ಮೇಲೆ 1898ರ ಲೀಗ್ ಹೊಸದಾಗಿ ಮಾಡಿದ್ದೇನು ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಒಂದು ರಾತ್ರಿಯ ಗಲ್ಲಾಪೆಟ್ಟಿಗೆಯನ್ನು ಹಂಚಿಕೊಳ್ಳುವುದು ಬೇರೆ, ಚಳಿಗಾಲವಿಡೀ ಇಂಥ ದಿನ ಇಂಥವರ ಮೇಲೆ ಇಂಥಲ್ಲಿ ಆಡುತ್ತೇವೆಂದು ಒಪ್ಪಿ ಅಂಕಪಟ್ಟಿಗೆ ತಲೆಬಾಗುವುದು ಬೇರೆ. ಬಿಡಿ ಪಂದ್ಯದಲ್ಲಿ ಗೆದ್ದವನು ಗೆದ್ದನೆಂದು ಊರು ಸಾರಬಹುದು, ಸೋತವನು ಬೇರೊಬ್ಬ ಎದುರಾಳಿಯನ್ನು ಹುಡುಕಿಕೊಳ್ಳಬಹುದು. ಪ್ರದೇಶಕ್ಕೊಬ್ಬರಂತೆ ‘ವಿಶ್ವ ಚಾಂಪಿಯನ್’ ಎಂದು ಕರೆದುಕೊಳ್ಳುತ್ತಿದ್ದ ಕಾಲವದು. ಆ ಬಾಯಿಮಾತನ್ನು ತಡೆದು ಲೆಕ್ಕಕ್ಕೆ ತಂದದ್ದು ಲೀಗ್.

ಈ ಲೆಕ್ಕದ ಬುದ್ಧಿ ಬಂದದ್ದು ಪತ್ರಿಕೆಗಳವರಿಂದ. ಲೀಗಿನ ಅಧ್ಯಕ್ಷನಾದ ಹೊರೇಸ್ ಫೋಗೆಲ್ ಫಿಲಡೆಲ್ಫಿಯಾದ ಕ್ರೀಡಾ ಪತ್ರಕರ್ತ. 1887ರಲ್ಲಿ ಇಂಡಿಯಾನಾಪೊಲಿಸ್‌ನ ಬೇಸ್‌ಬಾಲ್ ತಂಡದ ಮ್ಯಾನೇಜರಾಗಿದ್ದವನು, ಮುಂದೆ 1909ರಿಂದ ಫಿಲಡೆಲ್ಫಿಯಾ ಫಿಲ್ಲೀಸ್‌ನ ಒಡೆಯನೂ ಆಗಿ, ಪಂದ್ಯಗಳ ಪ್ರಾಮಾಣಿಕತೆಯ ಬಗ್ಗೆ ಸಾರ್ವಜನಿಕವಾಗಿ ಆರೋಪ ಮಾಡಿದ್ದಕ್ಕೆ 1912ರಲ್ಲಿ ಬೇಸ್‌ಬಾಲ್‌ನಿಂದ ಹೊರದೂಡಲ್ಪಟ್ಟ. ಬಾಯಿ ಜೋರು, ಲೆಕ್ಕವೂ ಗೊತ್ತಿತ್ತು. ಅವನ ಮುಂದಿದ್ದ ಮಾದರಿ 1876ರಿಂದ ನಡೆಯುತ್ತಿದ್ದ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್. ಹೆಸರೂ ಅಲ್ಲಿಂದಲೇ ಬಂದಿರಬೇಕೆಂಬ ಊಹೆಗೆ ದೂರ ಹೋಗಬೇಕಿಲ್ಲ. ಆಟಗಾರರನ್ನು ಶೋಷಣೆಯಿಂದ ಕಾಪಾಡುವುದು ಮತ್ತು ಆಟದ ಒರಟುತನವನ್ನು ತಗ್ಗಿಸುವುದು ಲೀಗಿನ ಘೋಷಿತ ಉದ್ದೇಶಗಳು. ಹೇಳದೆ ಉಳಿದ ಉದ್ದೇಶವೂ ಒಂದಿತ್ತೆಂದು ತಿಳಿಯುವುದು ತಪ್ಪಾಗದು. ಬೇಸ್‌ಬಾಲ್ ಮಲಗಿದ ಚಳಿಗಾಲದಲ್ಲಿ ಕ್ರೀಡಾ ಪುಟ ತುಂಬಲು ಪತ್ರಿಕೆಗಳಿಗೆ ಸುದ್ದಿ ಬೇಕಿತ್ತು, ಅದೂ ಓದುಗರ ಊರಿನದೇ ಸುದ್ದಿ. ಫಿಲಡೆಲ್ಫಿಯಾದ ಪತ್ರಿಕೆ ಸಲೀಸಾಗಿ ತಲುಪುವ ಊರುಗಳೂ ಲೀಗಿನ ಊರುಗಳೂ ಬಹುಮಟ್ಟಿಗೆ ಒಂದೇ.

ಮೊದಲ ರಾತ್ರಿಯ ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಥಳ ಫಿಲಡೆಲ್ಫಿಯಾದ ಕೆನ್ಸಿಂಗ್ಟನ್ ಭಾಗದ ಟೆಕ್ಸ್‌ಟೈಲ್ ಹಾಲ್. ಸುತ್ತ ರತ್ನಗಂಬಳಿ, ನೂಲು, ಬಟ್ಟೆ ಗಿರಣಿಗಳ ಕಾರ್ಮಿಕ ಬಡಾವಣೆ. ಸುಮಾರು 900 ಪ್ರೇಕ್ಷಕರ ಎದುರು ಟ್ರೆಂಟನ್ ತಂಡ ಹ್ಯಾನ್‌ಕಾಕ್ ತಂಡವನ್ನು 21–19ರಿಂದ ಸೋಲಿಸಿತು. ಇಂದಿನ ಆಟದಲ್ಲಿ ಒಂದು ತಂಡ ಹನ್ನೆರಡು ನಿಮಿಷದಲ್ಲಿ ಗಳಿಸುವಷ್ಟು ಅಂಕ ಅಂದು ಇಡೀ ಪಂದ್ಯಕ್ಕೆ ಸಾಕಾಗುತ್ತಿತ್ತು. ಅದು ಆಡುವವರ ಕೈ ಸರಿಯಿಲ್ಲದ್ದರಿಂದಲ್ಲ. ಪ್ರತಿ ಗೋಲಿನ ನಂತರ ಚೆಂಡು ಮತ್ತೆ ನಡು ಅಂಗಳಕ್ಕೆ ಹೋಗಿ, ಇಬ್ಬರು ಎದುರುಬದುರು ಹಾರಿ ಆಟ ಶುರುವಾಗಬೇಕಿತ್ತು. ಈ ಪದ್ಧತಿ 1937ರವರೆಗೂ ಉಳಿಯಿತು. ಬುಟ್ಟಿಯ ಜಾಗಕ್ಕೆ ಕಬ್ಬಿಣದ ಬಳೆ ಬಂದಿದ್ದರೂ ಅದಕ್ಕೆ ಕಟ್ಟಿದ ಬಲೆಯ ತಳ ಮುಚ್ಚಿಯೇ ಇರುತ್ತಿತ್ತು, ಒಳಗೆ ಬಿದ್ದ ಚೆಂಡನ್ನು ಹೊರತೆಗೆಯುವುದೇ ಒಂದು ಕೆಲಸ. ಚೆಂಡಿಗೆ ಶೂವಿನಂತೆ ಲಾಡಿಯ ಹೊಲಿಗೆ, ಅದು ಲಾಡಿಯ ಮೇಲೆ ಬಿದ್ದರೆ ಯಾವ ಕಡೆ ಪುಟಿಯುವುದೋ ಹೇಳುವಂತಿಲ್ಲ. ಫೌಲ್‌ಗೆ ಸಿಕ್ಕ ಫ್ರೀ ಥ್ರೋವನ್ನು ಪೆಟ್ಟು ತಿಂದವನೇ ಎಸೆಯಬೇಕೆಂದಿರಲಿಲ್ಲ, ತಂಡದ ಒಬ್ಬ ಪಳಗಿದ ಎಸೆತಗಾರ ಎಲ್ಲರ ಪರವಾಗಿ ಎಸೆಯುತ್ತಿದ್ದ. ಇಂಥ ಆಟದಲ್ಲಿ ಟ್ರೆಂಟನ್ನಿನ ಮೇಲುಗೈಗೆ ಕಾರಣ ಕೂಪರ್ ಮತ್ತು ಆಲ್ ಬ್ರಾಟನ್ ಎಂಬ ಜೋಡಿ. ಇಬ್ಬರೂ ಫುಟ್‌ಬಾಲ್ ಆಡಿದವರು. ಅಲ್ಲಿನ ಚುಟುಕು ಪಾಸುಗಳನ್ನು ಇಲ್ಲಿಗೆ ತಂದು, ಚೆಂಡನ್ನು ಎಸೆದು ತಾವೂ ಓಡಿ ಮತ್ತೆ ಪಡೆಯುವ ಆಟವನ್ನು ರೂಢಿಸಿದ್ದರು. ಎದುರಾಳಿ ಮೈಮೇಲೆ ಬೀಳುವ ಮುನ್ನವೇ ಚೆಂಡು ಕೈಬಿಟ್ಟಿರುತ್ತಿತ್ತು.

ಆಗಿನ ಅಂಗಳದ ವಿಚಿತ್ರವೆಂದರೆ ಪಂಜರ. ನೈಸ್ಮಿತ್‌ನ ಮೂಲ ನಿಯಮದಲ್ಲಿ, ಅಂಗಳದಾಚೆ ಹೋದ ಚೆಂಡನ್ನು ಯಾರು ಮೊದಲು ಮುಟ್ಟುತ್ತಾರೋ ಅವರೇ ಒಳಗೆ ಎಸೆಯಬೇಕು ಎಂದಿತ್ತು. ಬರೆದಾಗ ಇದು ಸರಳ ನಿಯಮ. ಅಂಗಳದಲ್ಲಿ ಅದರ ಅರ್ಥ, ಚೆಂಡಿನ ಹಿಂದೆ ಎರಡೂ ತಂಡದವರು ಕುರ್ಚಿಗಳ ನಡುವೆ, ಮೆಟ್ಟಿಲುಗಳ ಮೇಲೆ, ಪ್ರೇಕ್ಷಕರ ತೊಡೆಯ ಮೇಲೆ ಬಿದ್ದು ಕಿತ್ತಾಡುವುದು. ಟ್ರೆಂಟನ್ನಿನವರು 1896ರಲ್ಲೇ ಇದಕ್ಕೊಂದು ಉಪಾಯ ಮಾಡಿದರು: ಅಂಗಳದ ಸುತ್ತ ಎತ್ತರದ ಬೇಲಿ ಕಟ್ಟಿ ಚೆಂಡು ಹೊರಹೋಗುವ ಮಾತನ್ನೇ ಇಲ್ಲವಾಗಿಸಿದರು. ತಂತಿಬಲೆಯ ಈ ಪಂಜರ ವೃತ್ತಿಪರ ಆಟದ ಗುರುತೇ ಆಗಿ, ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಅಮೆರಿಕದ ಪತ್ರಿಕೆಗಳು ‘ಕೇಜರ್ಸ್’ ಎಂದು ಕರೆಯುವುದು ಪಂಜರಗಳು ಹೋದ ಮೇಲೂ ಮುಂದುವರಿಯಿತು.

ಲೀಗಿನ ಮೇಲೆ ಬರುವ ಗಟ್ಟಿಯಾದ ಆಕ್ಷೇಪ ಇಲ್ಲಿಯದೇ. ಒರಟುತನ ತಗ್ಗಿಸುತ್ತೇವೆಂದು ಹೊರಟವರು ಪಂಜರದೊಳಗೆ ಆಡಿಸಿದರಲ್ಲ? ತಂತಿಗೆ ಒತ್ತರಿಸಿ ಹಿಡಿದ ಆಟಗಾರನ ಮೈ ಕೊಯ್ದುಕೊಳ್ಳುತ್ತಿತ್ತು, ಚೆಂಡು ಬೇಲಿಗೆ ಬಡಿದು ಮರಳುತ್ತಿದ್ದುದರಿಂದ ಆಟಕ್ಕೆ ಬಿಡುವೂ ಇರಲಿಲ್ಲ. ಮುಂದಿನ ದಶಕಗಳಲ್ಲಿ ಪೆನ್ಸಿಲ್ವೇನಿಯಾದ ಗಣಿ ಊರುಗಳಲ್ಲಿ ಪ್ರೇಕ್ಷಕರು ಟೋಪಿಯ ಸೂಜಿಯಿಂದ ಎದುರಾಳಿಗಳ ಕಾಲಿಗೆ ಬೇಲಿಯ ಸಂದಿಯಿಂದ ತಿವಿಯುತ್ತಿದ್ದರೆಂದು ಹಳೆಯ ಆಟಗಾರರು ನೆನೆದದ್ದುಂಟು. ಹವ್ಯಾಸಿ ಆಟದಲ್ಲಿ ಎರಡು ಕೈಯ ಡ್ರಿಬಲ್‌ಗೆ ಕಡಿವಾಣ ಬೀಳುತ್ತಿದ್ದ ವರ್ಷಗಳಲ್ಲಿ ವೃತ್ತಿಪರರು ಅದನ್ನು ಬಿಡದೆ ಉಳಿಸಿಕೊಂಡರು. ಚೆಂಡನ್ನು ಹಿಡಿದು ನಿಂತು, ಮತ್ತೆ ಪುಟಿಸುತ್ತ ಭುಜ ಕೊಟ್ಟು ನುಗ್ಗುವುದಕ್ಕೆ ಅದು ಪರವಾನಗಿ. ಆಕ್ಷೇಪದಲ್ಲಿ ಹುರುಳಿದೆ, ಒರಟುತನದ ವಿಷಯದಲ್ಲಿ ಲೀಗ್ ನುಡಿದಂತೆ ನಡೆಯಲಾರದೆ ಹೋಯಿತು. ಆದರೂ ಪಂಜರವನ್ನು ಬರೀ ಕ್ರೌರ್ಯದ ಚಿಹ್ನೆಯಾಗಿ ನೋಡುವುದು ಅರ್ಧ ನೋಟ. ನೃತ್ಯಕ್ಕೆಂದು ಕಟ್ಟಿದ ಇಕ್ಕಟ್ಟಾದ ಸಭಾಂಗಣದಲ್ಲಿ ಟಿಕೆಟ್ ಕೊಂಡ ನೂರಾರು ಜನರನ್ನು ಅಂಗಳದ ಅಂಚಿಗೇ ಕೂರಿಸಿ, ಅವರ ಮೈಗೆ ಪೆಟ್ಟಾಗದಂತೆ ಆಡಿಸಬೇಕಿತ್ತು. ಮುಂದೆ ಹೊರಹೋದ ಚೆಂಡನ್ನು ಕೊನೆಗೆ ಮುಟ್ಟಿದವನ ಎದುರಾಳಿಗೆ ಕೊಡಬೇಕೆಂದು ನಿಯಮ ತಿದ್ದಿದ ಮೇಲೆ ಪಂಜರದ ಅಗತ್ಯವೇ ಕಳೆಯಿತು. 1898ರಲ್ಲಿ ಆ ತಿದ್ದುಪಡಿ ಇರಲಿಲ್ಲ, ಬಾಡಿಗೆಯ ಸಭಾಂಗಣವಿತ್ತು. ಪಂಜರವೂ ಪ್ರಾದೇಶಿಕ ಲೀಗಿನ ಬಡತನದ ಕೂಸು.

ಋತು ಮುಗಿಯುವ ಹೊತ್ತಿಗೆ ಆರೂ ತಂಡಗಳು ಉಳಿದಿರಲಿಲ್ಲ. ಕೈಬಿಟ್ಟವು ಫಿಲಡೆಲ್ಫಿಯಾ ಕಡೆಯವು; ನದಿಯಾಚೆಯ ಟ್ರೆಂಟನ್, ಮಿಲ್‌ವಿಲ್, ಕ್ಯಾಮ್ಡೆನ್ ಕೊನೆಯವರೆಗೆ ನಿಂತವು. ಲೀಗ್ ಸೋತಿತು ಎನ್ನುವವರ ಮುಖ್ಯ ಸಾಕ್ಷ್ಯ ಇದು. ನನ್ನ ವಾದಕ್ಕೂ ಮುಖ್ಯ ಸಾಕ್ಷ್ಯ ಇದೇ. 1900ರ ಜನಗಣತಿಯಲ್ಲಿ ಫಿಲಡೆಲ್ಫಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ಕ್ಯಾಮ್ಡೆನ್ನಿನದು 76 ಸಾವಿರ, ಟ್ರೆಂಟನ್ನಿನದು 73 ಸಾವಿರ, ಮಿಲ್‌ವಿಲ್‌ನದು ಹತ್ತೂವರೆ ಸಾವಿರ ಮಾತ್ರ. ಜನ ಹೆಚ್ಚಿದ್ದಲ್ಲಿ ಟಿಕೆಟ್ ಹೆಚ್ಚು ಎಂಬ ಲೆಕ್ಕ ನಿಜವಾಗಿದ್ದರೆ ಮೊದಲು ಬೀಳಬೇಕಿದ್ದುದು ಮಿಲ್‌ವಿಲ್. ಅದು ಬೀಳಲಿಲ್ಲ. ಅಲ್ಲಿನ ಮಣ್ಣಿನಲ್ಲಿ ಸಿಲಿಕಾ ಮರಳಿತ್ತು, ಊರಿಗೂರೇ ಗಾಜಿನ ಕಾರ್ಖಾನೆಗಳನ್ನು ನೆಚ್ಚಿತ್ತು, ತಂಡ ತನ್ನನ್ನು ‘ಗಾಜು ಊದುವವರು’ ಎಂದೇ ಕರೆದುಕೊಂಡಿತು. ಪಂದ್ಯದ ರಾತ್ರಿ ಸಭಾಂಗಣದಲ್ಲಿ ಕೂತವರಿಗೆ ಅಂಗಳದಲ್ಲಿದ್ದವರು ಗೊತ್ತಿದ್ದವರು, ಎದುರಾಳಿಗಳು ಬೇರೆ ಊರವರು. ಟ್ರೆಂಟನ್ನಿನಲ್ಲೂ ಹಾಗೆಯೇ: ಮಡಕೆ ಪಿಂಗಾಣಿಯ ಕಾರ್ಖಾನೆಗಳ, ಬ್ರೂಕ್ಲಿನ್ ಸೇತುವೆ ಕಟ್ಟಿದ ರೋಬ್ಲಿಂಗ್ ಮನೆತನದ ತಂತಿಹಗ್ಗದ ಕಾರ್ಖಾನೆಯ ಆ ಊರಿಗೆ ಒಂದೇ ತಂಡ. ಫಿಲಡೆಲ್ಫಿಯಾದಲ್ಲಾದರೋ ಮೂರು ತಂಡಗಳು ಒಂದೇ ಗಿರಾಕಿಗಳಿಗಾಗಿ ಪೈಪೋಟಿ ಮಾಡುತ್ತಿದ್ದವು, ಅದರಲ್ಲೊಂದು ಹೆಸರೇ ಹೇಳುವಂತೆ ಆ ಕಾಲದ ಸೈಕಲ್ ಹುಚ್ಚಿನಿಂದ ಹುಟ್ಟಿದ ಕ್ಲಬ್ಬು. ನಾಟಕ, ಸಂಗೀತ, ಬಾಕ್ಸಿಂಗ್ ಎಲ್ಲ ಕೈಗೆಟುಕುವ ಮಹಾನಗರದವನಿಗೆ ಚಳಿಯ ರಾತ್ರಿ ಬ್ಯಾಸ್ಕೆಟ್‌ಬಾಲ್‌ಗೇ ಹೋಗಬೇಕೆಂಬ ಹಂಗಿಲ್ಲ.

ಇದಕ್ಕೆ ಎರಡು ಮರುಮಾತುಗಳುಂಟು. ಜರ್ಮನ್‌ಟೌನ್ 1854ರವರೆಗೆ ಸ್ವತಂತ್ರ ಊರಾಗಿತ್ತು, ತನ್ನದೇ ಹಮ್ಮಿದ್ದ ಜಾಗ. ಅದು ಯಾಕೆ ಉಳಿಯಲಿಲ್ಲ ಎನ್ನಬಹುದು. ಒಮ್ಮೆ ನಗರಕ್ಕೆ ಸೇರಿದ ಮೇಲೆ ಅದೂ ನಗರದ ಒಂದು ಬಡಾವಣೆ. ಟ್ರಾಮ್ ಹತ್ತಿದರೆ ನಗರದ ಮನರಂಜನೆಯೆಲ್ಲ ಎದುರಿಗೆ. ಇದು ನನ್ನ ತರ್ಕ, ಗಲ್ಲಾಪೆಟ್ಟಿಗೆಯ ಲೆಕ್ಕವಲ್ಲ. ಎರಡನೆಯದು, ಮೊದಲ ವರ್ಷವೇ ತಂಡಗಳು ಉದುರಿದ ಲೀಗನ್ನು ಯಶಸ್ವಿ ಎನ್ನುವುದು ಹೇಗೆ ಎಂಬುದು. ಹಾಗೆ ಅಳೆದರೆ ಎನ್‌ಬಿಎಯೂ ಉಳಿಯುವುದಿಲ್ಲ. ಅದರ ಮೂಲರೂಪವಾದ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ 1946ರ ನವೆಂಬರ್ 1ರಂದು ಟೊರಾಂಟೊದಲ್ಲಿ 11 ತಂಡಗಳೊಡನೆ ಶುರುವಾಯಿತು. ಮೊದಲ ಋತು ಮುಗಿದದ್ದೇ ತಡ ಟೊರಾಂಟೊ, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್ ನಾಲ್ಕೂ ಬಾಗಿಲು ಹಾಕಿದವು. ಅವೆಲ್ಲ ದೊಡ್ಡ ನಗರಗಳು, ಹಿಂದೆ ಐಸ್ ಹಾಕಿ ಕ್ರೀಡಾಂಗಣಗಳ ಒಡೆಯರ ದುಡ್ಡು ಬೇರೆ ಇತ್ತು. ಮೊದಲ ಋತುವಿನಲ್ಲಿ ತಂಡಗಳು ಬೀಳುವುದು ಲೀಗುಗಳ ಸಾಮಾನ್ಯ ಧರ್ಮ. ಯಾವುವು ಬಿದ್ದವು, ಯಾವುವು ನಿಂತವು ಎಂಬುದರಲ್ಲಿ ಕಲಿಯುವುದಿದೆ.

ಈ ಲೀಗನ್ನು ಅರೆ ವೃತ್ತಿಪರ ಎನ್ನಬಹುದೇ ಎಂಬುದೂ ಚರ್ಚೆಯ ವಿಷಯ. ಚರಿತ್ರೆ ಪುಸ್ತಕಗಳು ಇದಕ್ಕೆ ‘ಮೊದಲ ವೃತ್ತಿಪರ ಲೀಗ್’ ಎಂಬ ಬಿರುದು ಕೊಟ್ಟಿವೆ, ಅದನ್ನು ಕಿತ್ತುಕೊಳ್ಳುವುದು ಇಲ್ಲಿನ ಉದ್ದೇಶವಲ್ಲ. ಕರಾರು, ವೇಳಾಪಟ್ಟಿ, ಅಂಕಪಟ್ಟಿಗಳ ಮಟ್ಟಿಗೆ ಅದು ವೃತ್ತಿಪರವೇ. ಬದುಕಿನ ಮಟ್ಟಿಗೆ ಅಲ್ಲ: ಬ್ಯಾಸ್ಕೆಟ್‌ಬಾಲ್ ಒಂದನ್ನೇ ನೆಚ್ಚಿ ವರ್ಷವಿಡೀ ಸಂಸಾರ ನಡೆಸುವಷ್ಟು ಆದಾಯ ಅದರಲ್ಲಿರಲಿಲ್ಲ. ಚಳಿಗಾಲದ ಕೆಲವು ತಿಂಗಳ ಹೆಚ್ಚುವರಿ ದುಡಿಮೆ ಅದು. ಇದನ್ನು ಕೊರತೆಯೆಂದು ಕಾಣುವವರು ಒಂದು ಸಂಗತಿ ಮರೆಯುತ್ತಾರೆ. ಆಟಗಾರನ ಹೊಟ್ಟೆಪಾಡು ಕಾರ್ಖಾನೆಯಿಂದ ನಡೆಯುತ್ತಿದ್ದುದರಿಂದಲೇ ಹತ್ತು ಸಾವಿರ ಜನರ ಊರೂ ಒಂದು ತಂಡ ಸಾಕಬಲ್ಲದಾಗಿತ್ತು. ಪೂರ್ಣ ಸಂಬಳ ಕೊಡಬೇಕೆಂಬ ಷರತ್ತಿದ್ದರೆ ಮಿಲ್‌ವಿಲ್‌ನಂಥ ಊರು ಅಂಗಳಕ್ಕೇ ಇಳಿಯುತ್ತಿರಲಿಲ್ಲ. ಅದರ ಬೆಲೆಯನ್ನು ತೆತ್ತದ್ದು ಆಟಗಾರನ ಮೈ. ಹತ್ತು ಗಂಟೆ ದುಡಿದು ಬಂದು ಪಂಜರದೊಳಗೆ ಹೊಡೆದಾಡಿ, ಮಂಡಿ ಮುರಿದುಕೊಂಡರೆ ಎರಡೂ ಕಡೆಯ ಸಂಬಳ ಹೋಗುತ್ತಿತ್ತು. ಇನ್ನೊಂದು ಕೊರತೆಯನ್ನೂ ಹೇಳಬೇಕು: ದಾಖಲೆಯಲ್ಲಿರುವ ಮೊದಲ ಕರಿಯ ವೃತ್ತಿಪರ ಆಟಗಾರ ಹ್ಯಾರಿ ಲ್ಯೂ ಅಂಗಳಕ್ಕಿಳಿದದ್ದು ಈ ಲೀಗಿನಲ್ಲಲ್ಲ, 1902ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಲೀಗಿನಲ್ಲಿ, ಲೋವೆಲ್ ಊರಿನ ತಂಡದ ಪರವಾಗಿ. ಅದೂ ಗಿರಣಿ ಊರುಗಳ ಪ್ರಾದೇಶಿಕ ಲೀಗೇ.

ಲೀಗ್ ತನ್ನ ಎಲ್ಲೆಯನ್ನು ದಾಟಿದ ನಿದರ್ಶನವೂ ಇದೆ. ಮೇಲೆ ಹೇಳಿದ ನ್ಯೂಯಾರ್ಕ್ ವಾಂಡರರ್ಸ್ ಆಮೇಲೆ ಸೇರಿಕೊಂಡು 1900–01ರ ಪ್ರಶಸ್ತಿಯನ್ನೂ ಗೆದ್ದಿತು. ಪ್ರದೇಶದ ಹೊರಗಿನ ತಂಡ ಬಂದು ಗೆದ್ದ ಮೇಲೆ ಪ್ರಾದೇಶಿಕತೆಯ ವಾದ ನಿಲ್ಲುವುದೇ? ನ್ಯೂಯಾರ್ಕ್ ಇದ್ದದ್ದು ಟ್ರೆಂಟನ್‌ ಹಾದುಹೋಗುವ ಅದೇ ರೈಲು ಮಾರ್ಗದ ಮುಂದಿನ ತುದಿಯಲ್ಲಿ. ಎಲ್ಲೆ ಹಿಗ್ಗಿತು, ಹರಿಯಲಿಲ್ಲ. ಮತ್ತೆ 1901–02ರಲ್ಲಿ ಟ್ರೆಂಟನ್ನಿಗೂ ಫಿಲಡೆಲ್ಫಿಯಾಕ್ಕೂ ನಡುವಿನ ಪುಟ್ಟ ಬ್ರಿಸ್ಟಲ್, 1902–03ರಲ್ಲಿ ಕ್ಯಾಮ್ಡೆನ್ ಗೆದ್ದವು. ಮೊದಲ ಐದು ಪ್ರಶಸ್ತಿಗಳಲ್ಲಿ ಒಂದೂ ಫಿಲಡೆಲ್ಫಿಯಾ ನಗರದೊಳಗಿನ ತಂಡಕ್ಕೆ ಹೋಗಲಿಲ್ಲ ಎಂಬುದು ಗಮನಿಸತಕ್ಕದ್ದು. 1904ರಲ್ಲಿ ಲೀಗ್ ಮುಗಿದರೂ ಅದೇ ಸೀಮೆಯಲ್ಲಿ, ಬಹುಮಟ್ಟಿಗೆ ಅದೇ ಊರುಗಳಲ್ಲಿ ಬೇರೆ ಬೇರೆ ಹೆಸರಿನ ಲೀಗುಗಳು ಎದ್ದವು: ಫಿಲಡೆಲ್ಫಿಯಾ ಲೀಗ್, 1909ರಲ್ಲಿ ಈಸ್ಟರ್ನ್ ಲೀಗ್. ಅವುಗಳ ದೊಡ್ಡ ರೋಗ ಆಟಗಾರರ ಜಿಗಿದಾಟ. ಈ ರಾತ್ರಿ ಒಂದು ಲೀಗಿನ ತಂಡಕ್ಕೆ, ನಾಳೆ ರಾತ್ರಿ ಇನ್ನೊಂದಕ್ಕೆ, ಯಾರು ಹೆಚ್ಚು ಕೊಡುತ್ತಾರೋ ಅವರಿಗೆ. ಫೋಗೆಲ್ ಮತ್ತು ಜೊತೆಗಾರರು ಕರಾರಿನ ಮೂಲಕ ತಡೆಯಲು ನೋಡಿದ್ದು ಇದನ್ನೇ, ಅವರ ನಂತರ ಅದು ಕಾಲು ಶತಮಾನ ಕಾಡಿತು.

ಹೆಸರಿಗೆ ತಕ್ಕ ರಾಷ್ಟ್ರವ್ಯಾಪಿ ಲೀಗ್ ಮಾಡಲು 1925ರಲ್ಲಿ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್ ಹೊರಟಿತು. ಬ್ರೂಕ್ಲಿನ್‌ನಿಂದ ಕ್ಲೀವ್‌ಲ್ಯಾಂಡ್, ಶಿಕಾಗೊವರೆಗೆ ತಂಡಗಳು, ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ ಕರಾರುಗಳು, ಸ್ಥಿತಿವಂತ ಮಾಲೀಕರು. ಆರ್ಥಿಕ ಕುಸಿತ ಅದನ್ನು 1931ರಲ್ಲಿ ನೆಲಕ್ಕೆ ಕೆಡವಿತು. ಕುಸಿತವೇ ಕಾರಣ, ದೂರವಲ್ಲ ಎನ್ನಬಹುದು. ಆದರೆ 1933ರಲ್ಲಿ, ಕುಸಿತದ ನಡುಮಧ್ಯದಲ್ಲೇ, ಅದೇ ಲೀಗ್ ನ್ಯೂಯಾರ್ಕ್–ನ್ಯೂಜೆರ್ಸಿ–ಫಿಲಡೆಲ್ಫಿಯಾ ಸೀಮೆಗೆ ಕುಗ್ಗಿ ಮತ್ತೆ ಎದ್ದು ಇಪ್ಪತ್ತು ವರ್ಷದ ಹತ್ತಿರ ಬಾಳಿತು. ಎಡ್ಡೀ ಗಾಟ್ಲೀಬ್‌ನ ಫಿಲಡೆಲ್ಫಿಯಾ ಸ್ಫಾಸ್ ತಂಡ ಅದರಲ್ಲಿ ಏಳು ಪ್ರಶಸ್ತಿ ಗೆದ್ದಿತು. ಆ ತಂಡ ನಗರದ ಯೆಹೂದಿ ಸಮುದಾಯದ್ದು, ಶನಿವಾರ ರಾತ್ರಿ ಬ್ರಾಡ್‌ವುಡ್ ಹೋಟೆಲಿನ ನೃತ್ಯಶಾಲೆಯಲ್ಲಿ ಆಡಿ, ಪಂದ್ಯ ಮುಗಿದೊಡನೆ ಅದೇ ನೆಲದ ಮೇಲೆ ನೃತ್ಯ ನಡೆಸುತ್ತಿತ್ತು. 1898ರಲ್ಲಿ ಮಹಾನಗರದ ತಂಡಗಳಿಗೆ ಸಿಗದೆಹೋದ ‘ತಮ್ಮವರು’ ಇಲ್ಲಿ ಸಮುದಾಯದ ರೂಪದಲ್ಲಿ ಸಿಕ್ಕಿದ್ದರು.

‘ತಮ್ಮವರು’ ಇಲ್ಲದ ಲೀಗಿನ ಪಾಡನ್ನು ನಮ್ಮಲ್ಲೂ ಕಂಡಿದ್ದೇವೆ. ಭಾರತಕ್ಕೂ ಈ ಆಟ ಬಂದದ್ದು ವೈಎಂಸಿಎಯ ಕೈಯಿಂದ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ತೆರೆದ ದೈಹಿಕ ಶಿಕ್ಷಣ ಶಾಲೆ ದಕ್ಷಿಣದಲ್ಲಿ ಇಂಥ ಆಟಗಳಿಗೆಲ್ಲ ಬೇರಾಯಿತು. ಇಲ್ಲಿ ವೃತ್ತಿಪರ ಲೀಗ್ ಎಂಬುದು 2015ರಲ್ಲಿ ಯುಬಿಎ ಹೆಸರಿನಲ್ಲಿ ಬಂತು. ಬೆಂಗಳೂರು ಬೀಸ್ಟ್ ಅದರ ಒಂದು ತಂಡ. ತಂಡಗಳಿಗೆ ಊರಿನ ಹೆಸರಿತ್ತೇ ಹೊರತು ಊರಿನ ಅಂಗಳವಿರಲಿಲ್ಲ, ಎಲ್ಲವೂ ಒಂದೆಡೆ ಸೇರಿ ಆಡುತ್ತಿದ್ದವು, ಟಿವಿಗಾಗಿ. 2017ರ ನಂತರ ಅದು ನಡೆಯಲಿಲ್ಲ. ಕಾರಣಗಳು ಹಲವಿರಬಹುದು, ಆದರೆ ತವರಿಲ್ಲದ ತಂಡಕ್ಕೆ ತವರಿನ ಪ್ರೇಕ್ಷಕರು ಹುಟ್ಟಲಾರರು.

ಫಿಲಡೆಲ್ಫಿಯಾ ಸೀಮೆಯ ಪಾಠವನ್ನು ಸರಿಯಾಗಿ ಓದಿಕೊಂಡದ್ದು 1946ರ ಏಪ್ರಿಲ್‌ನಲ್ಲಿ, ಎನ್‌ಬಿಎಯ ಮೂಲರೂಪಕ್ಕಿಂತ ಆರು ವಾರ ಮೊದಲು, ಸ್ಥಾಪನೆಯಾದ ಈಸ್ಟರ್ನ್ ಪೆನ್ಸಿಲ್ವೇನಿಯಾ ಲೀಗ್. ಕಲ್ಲಿದ್ದಲು ಮತ್ತು ಗಿರಣಿ ಊರುಗಳ ತಂಡಗಳು, ವಾರವಿಡೀ ಬೇರೆ ಕೆಲಸ ಮಾಡಿ ವಾರಾಂತ್ಯಕ್ಕೆ ಬಂದು ಆಡುವ ಆಟಗಾರರು. ಅದರ ಮೊದಲ ಋತುವನ್ನು ವಿಲ್ಕ್ಸ್-ಬ್ಯಾರಿ ಊರಿನ ತಂಡ ಗೆದ್ದಿತು. ಹೀಗೆ ಅದು ಮೂರು ದಶಕ ನಡೆದ ಮೇಲೆ ಸಾವಿರಾರು ಕಿಲೋಮೀಟರ್ ಆಚೆಯ ಅಲಾಸ್ಕಾದ ಆಂಕರೇಜ್ ತಂಡವನ್ನು ಒಳಗೆ ಬಿಟ್ಟುಕೊಂಡಿತು, 1978ರಲ್ಲಿ ಹೆಸರನ್ನು ಕಾಂಟಿನೆಂಟಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂದು ಬದಲಿಸಿತು, 2001ರಲ್ಲಿ ದಿವಾಳಿಯೆದ್ದಿತು, ಮತ್ತೆ ಎದ್ದು ಕುಂಟುತ್ತ 2009ರಲ್ಲಿ ಮುಗಿಯಿತು.